ಲ್ಯಾಪ್‌ಟಾಪಿಗೊಂದು ಕೋಟು

ಜನವರಿ 11

ದಾರದುಂಡೆಗೆ ಮಾವನ ಆಶೀರ್ವಾದ.

ಇಲ್ಲಿ ಕತ್ತರಿ ಕ್ಷೇಮ, ಹೊಲಿಗೆ ಮಿಷನ್ನು ಕ್ಷೇಮ, ನಿನ್ನ ಅತ್ತೆಯ ನಾಲಿಗೆ ಅವೆರಡಕ್ಕಿಂತ ಚೂಪಾಗಿ ಕ್ಷೇಮ. ನಿನ್ನ ಕಾಗದ ಓದಿದೆ. ಫೋನಿನಲ್ಲಿ ಹೇಳದೆ ಬರೆದು ಕಳಿಸಿದ್ದು ಒಳ್ಳೆಯದೇ ಆಯಿತು. ಫೋನಾದರೆ ಆ ತುದಿಯಲ್ಲಿ ನಿನ್ನಮ್ಮನ ಕಿವಿ, ಈ ತುದಿಯಲ್ಲಿ ನಿನ್ನತ್ತೆಯ ಕಿವಿ. ನಡುವೆ ನಮ್ಮಿಬ್ಬರ ಮಾತು ಬಾಗಿಲ ಸಂದಿಗೆ ಸಿಕ್ಕ ಬೆರಳಿನಂತೆ.

ನಿನ್ನ ಸಂಕಟ ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ಊರ ಶಾಲೆಯಲ್ಲಿ ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತೇನೆ. ಕಂಪ್ಯೂಟರ್ ಆಟ ತಯಾರಿಸುವ ಕಂಪನಿಯೊಂದು ನಿನಗೆ ಪರೀಕ್ಷೆ ಕೊಟ್ಟಿದೆ. ಅವರ ಆಟದಲ್ಲಿ ಕುದುರೆಯೇರಿ ಊರೂರಿಗೆ ಕಾಗದ ಮುಟ್ಟಿಸುವ ಅಂಚೆಯವಳೊಬ್ಬಳಿದ್ದಾಳೆ. ಅವಳಿಗೆ ನೀನೊಂದು ಮೇಲಂಗಿ ಹೊಲಿಯಬೇಕು. ಸೂಜಿಯಿಲ್ಲ, ದಾರವಿಲ್ಲ, ಎಲ್ಲ ಕಂಪ್ಯೂಟರಿನೊಳಗೇ. ಕುದುರೆ ಓಡಿದರೆ ಅಂಗಿ ಹಾರಬೇಕು, ನಿಂತರೆ ಇಳಿಬೀಳಬೇಕು, ಮಳೆ ಬಂದರೆ ತೊಯ್ದು ಭಾರವಾಗಬೇಕು. ಮಾರ್ಚ್ ಮುಗಿಯುವುದರೊಳಗೆ ಕಳಿಸಬೇಕು. ಅವರಿಗೆ ಹಿಡಿಸಿದರೆ ಕೆಲಸ ನಿನ್ನದು. ಅರ್ಧ ಹೊಲಿಯುವಷ್ಟರಲ್ಲಿ ನಿನ್ನ ಹಳೇ ಲ್ಯಾಪ್‌ಟಾಪು ಆ ಕುದುರೆಯನ್ನು ಓಡಿಸಲಾರದೆ ತಾನೇ ಪ್ರಾಣ ಬಿಟ್ಟಿತು.

ಇನ್ನು ನಿನ್ನಮ್ಮ. ನನ್ನ ಅಕ್ಕ ಏನೆಂದಿರುತ್ತಾಳೆಂದು ನೀನು ಬರೆಯದಿದ್ದರೂ ನನಗೆ ಕೇಳಿಸುತ್ತಿತ್ತು: "ಇದೊಂದ್ಸಲ ನೋಡ್ತೀನಿ. ಆಗ್ಲಿಲ್ವೋ, ಪ್ರೆಸ್ಸಲ್ಲಿ ಮೇಲ್ವಿಚಾರಕಿ ಕುರ್ಚಿ ಕಾಯ್ತಾ ಇದೆ, ಹೋಗಿ ಕೂತ್ಕೋ. ಆಮೇಲೆ ಆಟ ಗೀಟ ಅಂತ ನನ್ನೆದುರು ಬಾಯಿ ಬಿಡಬಾರದು." ನೀನು ಹೂಂ ಅಂದಿದ್ದೀಯ. ನೀನು ಮಾತು ಕೊಟ್ಟರೆ ಉಳಿಸಿಕೊಳ್ಳುವವಳು. ನನಗಿರುವ ಭಯವೂ ಅದೇ.

ನಿಮ್ಮೂರಿನಲ್ಲಿ ಲ್ಯಾಪ್‌ಟಾಪಿನ ಅಂಗಡಿಯೆಂದರೆ ಗಾಜಿನ ಹಿಂದೆ ದೂಳು ಹಿಡಿದು ಕೂತ ಎರಡು ಪೆಟ್ಟಿಗೆ. ಇಲ್ಲಿ ಬೀದಿಗೆ ಬೀದಿಯೇ ಇದೆ. ಪುಸ್ತಕ ಅಚ್ಚಾಗುವ ಕಾಲ, ಪ್ರೆಸ್ಸಿನವರು ನಿನಗೆ ರಜೆ ಕೊಡುವುದಿಲ್ಲ. ಆದ್ದರಿಂದ ಈ ಕೆಲಸ ಮಾವನದು. ಏಳನೇ ತರಗತಿಯಲ್ಲಿ ಶಾಲೆ ಬಿಟ್ಟವನಿಗೆ ಕಂಪ್ಯೂಟರ್ ಏನು ಗೊತ್ತು ಎಂದು ನಗಬೇಡ. ಈ ಊರಿನ ಅರ್ಧ ವಕೀಲರು, ಪೂರ್ತಿ ಡಾಕ್ಟರುಗಳು ನನ್ನ ಮುಂದೆ ಕೈಯೆತ್ತಿ ನಿಂತವರೇ. ಅಳತೆ ಕೊಡಲು.

ಅದನ್ನೇ ನಿನ್ನಿಂದಲೂ ಕೇಳುತ್ತಿದ್ದೇನೆ. ಮೊದಲು ಅಳತೆ, ಆಮೇಲೆ ಬಟ್ಟೆ. ಅದರ ಹೊಟ್ಟೆ ಎಷ್ಟಿರಬೇಕು, ಎದೆ ಎಷ್ಟಿರಬೇಕು, ಮೇಜಿನ ಮೇಲೆ ಕೂರುತ್ತದೋ ಹೆಗಲ ಮೇಲೆ ತಿರುಗುತ್ತದೋ, ಎಲ್ಲ ಬರೆ.

ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡಿರುವ,
ಮಾವ


ಜನವರಿ 19

ಮಾವನಿಗೆ ನಮಸ್ಕಾರಗಳು.

ಅಳತೆ ಕೊಡುತ್ತಿದ್ದೇನೆ. ಉಸಿರು ಬಿಗಿಹಿಡಿದು ಕೊಟ್ಟಿಲ್ಲ, ನಿಜವಾದದ್ದೇ.

ಎದೆಯೆಂದರೆ ಗ್ರಾಫಿಕ್ಸ್ ಕಾರ್ಡ್. ಬಟ್ಟೆಯ ಪ್ರತಿಯೊಂದು ನೆರಿಗೆ ಗಾಳಿಗೆ ಹೇಗೆ ಏಳುತ್ತದೆ, ಹೇಗೆ ಬೀಳುತ್ತದೆ ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ತೋರಿಸಬೇಕಾದದ್ದು ಅದು. ಅದಕ್ಕೆ ಸ್ವಂತ ಮೆಮೊರಿ ಧಾರಾಳವಾಗಿರಬೇಕು. ಬೇರೆ ಎಲ್ಲದರಲ್ಲೂ ಚೌಕಾಸಿ ಮಾಡಿ, ಇದರಲ್ಲಿ ಬೇಡ. ಹೊಟ್ಟೆಯೆಂದರೆ ರ‍್ಯಾಮ್. ಎರಡು ಪಟ್ಟಿಯಾಗಿರಲಿ, ಒಂದೇ ಪಟ್ಟಿ ಹಾಕಿ ಸಾಗಹಾಕುತ್ತಾರೆ, ಎಚ್ಚರಿಕೆ. ಪ್ರೊಸೆಸರ್ ಹೊಸ ತಲೆಮಾರಿನದು ಬೇಕು. ಫೈಲುಗಳನ್ನು ಇಡಲು ಜಾಗ ದೊಡ್ಡದಿರಲಿ. ಹೆಗಲ ಮೇಲೆ ತಿರುಗುವುದಿಲ್ಲ, ಮೇಜಿನ ಮೇಲೇ ಕೂರುತ್ತದೆ. ಭಾರವಿದ್ದರೂ ಚಿಂತೆಯಿಲ್ಲ.

ಸ್ಕ್ರೀನಿನ ಬಣ್ಣ ಸುಳ್ಳು ಹೇಳಬಾರದು. ಪ್ರೆಸ್ಸಿನಲ್ಲಿ ಒಮ್ಮೆ ನಾನು ಕೆಂಪೆಂದು ಕಳಿಸಿದ ಬಿಸ್ಕತ್ತು ಡಬ್ಬಿ ಇಟ್ಟಿಗೆ ಬಣ್ಣದಲ್ಲಿ ಅಚ್ಚಾಗಿ ಬಂತು. ಇದರ ಜೊತೆ ಒಂದು ಪೆನ್‌ಡ್ರೈವ್ ಇಟ್ಟಿದ್ದೇನೆ, ಅದರಲ್ಲಿ ಹನ್ನೆರಡು ಬಣ್ಣಗಳ ಒಂದು ಪಟ್ಟಿಯಿದೆ. ಅದೇ ಪಟ್ಟಿ ಸರಿಯಾಗಿ ಅಚ್ಚಾದದ್ದು ಈ ಕಾಗದದ ಮಡಿಕೆಯಲ್ಲಿದೆ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ. ಬಣ್ಣದ ವಿಷಯದಲ್ಲಿ ನಿಮ್ಮ ಕಣ್ಣನ್ನು ನಾನು ಯಾವ ಯಂತ್ರಕ್ಕಿಂತಲೂ ಹೆಚ್ಚು ನಂಬುತ್ತೇನೆ. (ಉಬ್ಬಬೇಡಿ.)

ಆಟ ಆಡಿಯೂ ನೋಡಿ. ಆಟಗಾರರಿಗೆ ಬಟ್ಟೆ ಹೊಲಿಯುವವಳು ಆಟ ಆಡದಿದ್ದರೆ ಹೇಗೆ?

ಅಮ್ಮ ದಿನಾ ಸಂಜೆ ಬಂದು ಹಳೇ ಲ್ಯಾಪ್‌ಟಾಪ್ ಇದ್ದ ಮೇಜನ್ನು ಒರೆಸಿ ಹೋಗುತ್ತಾಳೆ. ಅಲ್ಲಿ ಈಗ ಒರೆಸಲು ಏನೂ ಇಲ್ಲ.

ಒಂದು ಪ್ರಾರ್ಥನೆ. ನೋಡಿ ಬನ್ನಿ, ಕೊಂಡುಬಿಡಬೇಡಿ.

ನಿಮ್ಮ ದಾರದುಂಡೆ


ಜನವರಿ 30

ಬುದ್ಧಿವಂತ ಸೊಸೆಗೆ ಅವಳಿಗಿಂತ ಬುದ್ಧಿವಂತ ಮಾವನು ಮಾಡುವ ಆಶೀರ್ವಾದ.

ಹೋಗಿದ್ದೆ. ನೋಡಿದೆ. ಗೆದ್ದು ಬಂದೆ. ಕೊಂಡಿಲ್ಲ, ಹೆದರಬೇಡ.

ಮೊದಲ ಎರಡು ಅಂಗಡಿಗಳಲ್ಲಿ ನನ್ನ ಹೆಗಲ ಮೇಲಿನ ಅಳತೆ ಟೇಪು ನೋಡಿ, "ಹೊಲಿಗೆ ಮಿಷನ್ ಪಕ್ಕದ ಬೀದೀಲಿ ಸಿಗುತ್ತೆ ಸಾರ್" ಅಂದರು. ಮೂರನೆಯದರಲ್ಲಿ ಒಬ್ಬ ಗಡ್ಡದವನಿದ್ದ. ಇನ್ನೂ ಎಳೆಯ ವಯಸ್ಸು, ಗಡ್ಡ ಮಾತ್ರ ಅಜ್ಜನದು. ಅವನು ನಗಲಿಲ್ಲ, ಕುರ್ಚಿ ಹಾಕಿದ.

"ಏನಕ್ಕೆ ಬೇಕು ಸಾರ್?"

"ಬಟ್ಟೆ ಹೊಲಿಯೋಕೆ, ಕುದುರೆ ಓಡಿಸೋಕೆ" ಅಂದೆ.

ಗಡ್ಡ ಕೆರೆದುಕೊಂಡ. ನೀನು ಅಳತೆ ಬರೆದ ಕಾಗದ ತೆಗೆದು ತೋರಿಸಿದೆ. ಅವನ ಮುಖಭಾವ ಬದಲಾಯಿತು, ನನಗೆ ಚಹಾ ಬಂತು.

ಬಣ್ಣದ ಪರೀಕ್ಷೆ ಮೊದಲು. ಅಂಗಡಿಯ ಒಂದೊಂದು ಸ್ಕ್ರೀನಿನಲ್ಲೂ ನಿನ್ನ ಬಣ್ಣಗಳನ್ನು ತೆರೆಸಿ, ಅಚ್ಚಾದ ಪಟ್ಟಿಯನ್ನು ಪಕ್ಕಕ್ಕೆ ಹಿಡಿದು ಬಂದೆ. ಅಯ್ಯೋ, ಅದೆಂಥ ಸುಳ್ಳರ ಸಂತೆ! ಒಂದರಲ್ಲಿ ನೇರಳೆ ಹೋಗಿ ಬದನೆಕಾಯಾಗಿತ್ತು, ಇನ್ನೊಂದರಲ್ಲಿ ಬಿಳಿಗೆ ಕಾಮಾಲೆ ಬಂದಿತ್ತು. ನಿಜ ಹೇಳಿದವು ಎರಡೇ. ಒಂದು ತೆಳ್ಳಗೆ, ಬೆಳ್ಳಿ ಬಣ್ಣ, ಮದುಮಗನ ಹಾಗೆ ಸಿಂಗರಿಸಿಕೊಂಡದ್ದು. ಇನ್ನೊಂದು ದಪ್ಪಗೆ, ಕಪ್ಪಗೆ, ಎತ್ತಿದರೆ ಇಸ್ತ್ರಿಪೆಟ್ಟಿಗೆಯ ನೆನಪಾಗುವಂಥದ್ದು. ಇಬ್ಬರ ಎದೆಯಲ್ಲೂ ಇರುವುದು ಒಂದೇ ಗ್ರಾಫಿಕ್ಸ್ ಕಾರ್ಡ್ ಎಂದ ಗಡ್ಡದವನು.

ಹಾಗಾದರೆ ಓಡಿಸಿಯೇ ನೋಡೋಣ ಅಂದೆ. ಗುಡ್ಡ ಹತ್ತುವ ಕಾರಿನ ಆಟ ಹಾಕಿಕೊಟ್ಟ. ತೆಳ್ಳನೆಯದರಲ್ಲಿ ಮೊದಮೊದಲು ಬೆಣ್ಣೆಯಲ್ಲಿ ಕತ್ತರಿ ಆಡಿದ ಹಾಗೆ ಓಡಿತು. ನಾನು ಹಲವು ಸಲ ಕಣಿವೆಗೆ ಬಿದ್ದೆ, ಅದು ಬೇರೆ ವಿಷಯ. ಆದರೆ ಸ್ವಲ್ಪ ಹೊತ್ತಾದ ಮೇಲೆ ಕಾರು ತಡವರಿಸತೊಡಗಿತು. ಕೆಳಗೆ ಕೈಯಿಟ್ಟರೆ ಕಾದ ಬಾಣಲೆ.

"ಬಿಸಿ ತಡೀಲಾರದೆ ಅದೇ ವೇಗ ಇಳಿಸಿಕೊಳ್ಳುತ್ತೆ ಸಾರ್. ತೆಳುವಾಗಿದ್ರೆ ಒಳಗೆ ಗಾಳಿ ಆಡೋದಿಲ್ಲ" ಎಂದ.

ಚೆಂದದ ಕೋಟು ತೊಟ್ಟು ಕಲ್ಲು ಹೊರಲು ಹೋದವನ ಪಾಡು! ಕರಿಯನನ್ನು ಹಚ್ಚಿಸಿದೆ. ಅದು ಗುರ್ರ್ ಎಂದಿತು, ಆದರೆ ಕಾರು ಮಾತ್ರ ಮೊದಲು ಹೇಗೋ ಕೊನೆಗೂ ಹಾಗೇ ಓಡಿತು. "ಇದರಲ್ಲಿ ದೊಡ್ಡ ಫ್ಯಾನ್ ಎರಡಿದೆ ಸಾರ್, ಆದ್ರೆ ಒಂದು ವಿಷಯ ನೆನಪಿರಲಿ..." ಎಂದು ಗಡ್ಡದವನು ಇನ್ನೇನೋ ಹೇಳುತ್ತಿದ್ದ. ಅಷ್ಟರಲ್ಲಿ ನನ್ನ ಕಾರು ಎಲ್ಲರನ್ನೂ ಹಿಂದೆ ಹಾಕಿ ಮೊದಲನೇ ಸ್ಥಾನಕ್ಕೆ ಬಂದಿತ್ತು. ಕೇಳಿಸಿಕೊಳ್ಳಲು ಪುರಸೊತ್ತಿರಲಿಲ್ಲ. ಗೆದ್ದೆ, ಮಗಳೇ! ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಚಪ್ಪಾಳೆ ತಟ್ಟಿದರು. ನಿನ್ನತ್ತೆ ಇದನ್ನು ನಂಬುತ್ತಿಲ್ಲ.

ನನ್ನ ತೀರ್ಪು: ಕರಿಯ. ರ‍್ಯಾಮ್ ಒಂದೇ ಪಟ್ಟಿಯಿತ್ತು. "ಒಂದೇ ಕಾಲಿನ ಪ್ಯಾಂಟು ನಾನು ಹೊಲಿದುಕೊಟ್ರೆ ನೀನು ತಗೋತೀಯೇನಪ್ಪ?" ಅಂದೆ. ನಕ್ಕು ಎರಡು ಹಾಕಿಕೊಡಲು ಒಪ್ಪಿದ. ಫೈಲಿನ ಜಾಗವನ್ನೂ ದೊಡ್ಡದು ಮಾಡಿಸುತ್ತಾನಂತೆ. ಹೊರಡುವಾಗ ನನ್ನ ಅಂಗಿಯ ಕಾಲರು ಮುಟ್ಟಿ ನೋಡಿ, ಏಪ್ರಿಲ್‌ನಲ್ಲಿ ತನ್ನ ಮದುವೆ, ಕೋಟು ನೀವೇ ಹೊಲಿಯಬೇಕು ಎಂದ. ಹೋದದ್ದು ಕೊಳ್ಳಲು, ಬಂದದ್ದು ಗಿರಾಕಿಯೊಂದಿಗೆ. ಇದಕ್ಕೆ ಯಾವ ಶಾಲೆಯಲ್ಲಿ ಪಾಠವಿದೆ, ಹೇಳು?

ನೀನು ಹೂಂ ಅಂದರೆ ತರುತ್ತೇನೆ.

ಗುಡ್ಡ ಗೆದ್ದವನು,
ಮಾವ


ಫೆಬ್ರವರಿ 13

ದಾರದುಂಡೆಗೆ,

ನಿನ್ನ ಹೂಂ ಬಂತು, ಹಣವೂ ಬಂತು, ಕರಿಯ ಹೊರಟ. ಬಸ್ಸಿನ ಡ್ರೈವರಣ್ಣನ ಕೈಯಲ್ಲೇ ಕೊಟ್ಟಿದ್ದೇನೆ. ಅವನ ಪ್ಯಾಂಟುಗಳೆಲ್ಲ ನನ್ನವೇ, ತೊಡೆಯ ಮೇಲಿಟ್ಟುಕೊಂಡು ತರದಿದ್ದರೂ ಪಕ್ಕದಲ್ಲಿಟ್ಟುಕೊಂಡು ತರುತ್ತಾನೆ.

ಆದರೆ ಪೆಟ್ಟಿಗೆ ತೆರೆದಾಗ ನೀನು ಕೂಗಿಕೊಳ್ಳುತ್ತೀಯ, ಈಗಲೇ ಹೇಳಿರುತ್ತೇನೆ. ಅಷ್ಟು ಬೆಲೆಬಾಳುವ ಯಂತ್ರವನ್ನು ಬರಿಮೈಯಲ್ಲಿ ಕಳಿಸಲು ನನ್ನ ಕೈ ಬರಲಿಲ್ಲ. ಅದಕ್ಕೊಂದು ಕೋಟು ಹೊಲಿದಿದ್ದೇನೆ. ಒಳಗೆ ಉಣ್ಣೆ, ನಡುವೆ ಕೋಟಿಗೆ ಹಾಕುವ ಕ್ಯಾನ್ವಾಸು, ಹೊರಗೆ ಕಡುನೀಲಿ ಮಖಮಲ್ಲು. ಚೀಲದ ಹಾಗೆ ಹಾಕಿ ತೆಗೆಯುವಂಥದ್ದಲ್ಲ, ಮೈಗೇ ಕೂರಿಸಿ ಹೊಲಿದದ್ದು. ಸ್ಕ್ರೀನು, ಕೀಲಿಮಣೆ, ವೈರು ಸಿಕ್ಕಿಸುವ ಕಡೆ ಮಾತ್ರ ಬಿಟ್ಟಿದ್ದೇನೆ, ಅದಕ್ಕೂ ಗುಂಡಿತೂತಿಗೆ ಹಾಕುವ ಕಾಜಾ ಹೊಲಿಗೆ. ಎಡಗಡೆ ಪುಟ್ಟ ಒಳಜೇಬು. ಒಳಜೇಬಿಲ್ಲದೆ ನನ್ನ ಅಂಗಡಿಯಿಂದ ಏನೂ ಹೊರಗೆ ಹೋಗುವುದಿಲ್ಲ, ನಿನಗೆ ಗೊತ್ತೇ ಇದೆ.

ತಯಾರಿಸಿದ ಪುಣ್ಯಾತ್ಮ ಅಡಿಯಲ್ಲೂ ಹಿಂದುಗಡೆಯೂ ಸಾಲುಸಾಲು ತೂತು ಬಿಟ್ಟಿದ್ದ. ದೂಳು ಹೋಗಲು ಹೆದ್ದಾರಿ! ಎಲ್ಲ ಮುಚ್ಚಿಬಿಟ್ಟಿದ್ದೇನೆ. ಈಗ ಅದರೊಳಗೆ ಸೂಜಿಯ ಮೊನೆಗೂ ದಾರಿಯಿಲ್ಲ. ನಿನ್ನತ್ತೆ ನೋಡಿ, "ಒಳಗೆ ಫ್ಯಾನ್ ಇದೆ ಅಂತೀರಿ, ಕಿಟಕಿ ಎಲ್ಲ ಮುಚ್ತೀರಿ" ಅಂದಳು. ಒಳಗೇ ಫ್ಯಾನಿರುವಾಗ ಕಿಟಕಿ ಯಾಕೆ, ನೀನೇ ಹೇಳು? ಹೆಂಗಸರಿಗೆ ಯಂತ್ರದ ವಿಷಯ ತಿಳಿಯುವುದಿಲ್ಲ ಎನ್ನಲು ಹೊರಟಿದ್ದೆ, ಈ ಕಾಗದ ಯಾರಿಗೆ ಬರೆಯುತ್ತಿದ್ದೇನೆಂದು ನೆನಪಾಗಿ ನಿಲ್ಲಿಸಿದೆ.

ಹೊಲಿಗೆ ಬಿಚ್ಚಬೇಡ. ಕತ್ತರಿ ಮುಟ್ಟಿಸಿದೆಯೋ, ನನ್ನ ನಿನ್ನ ನೆಂಟಸ್ತಿಕೆ ಅಲ್ಲಿಗೆ ಮುಗಿಯಿತು.

ಓಡಿಸು ಕುದುರೆ!

ಕರಿಯನಿಗೂ ನಿನಗೂ,
ಮಾವ


ಫೆಬ್ರವರಿ 24

ಮಾವನಿಗೆ,

ಕೋಟು ನೋಡಿ ನಿಜಕ್ಕೂ ಕೂಗಿಕೊಂಡೆ. ಪ್ರೆಸ್ಸಿನವರೆಲ್ಲ ಮನೆಗೆ ಬಂದು ಮುಟ್ಟಿ ಹೋದರು. ಅಷ್ಟು ಚೆಂದವಿದೆ.

ಆದರೆ ಮಾವ, ಯಂತ್ರ ಓಡುತ್ತಿಲ್ಲ.

ಹಚ್ಚಿದ ಹೊಸದರಲ್ಲಿ ಅಂಚೆಯವಳ ಮೇಲಂಗಿ ಗಾಳಿಯಲ್ಲಿ ಹಕ್ಕಿಯ ರೆಕ್ಕೆಯಂತೆ ಏಳುತ್ತದೆ. ಸ್ವಲ್ಪ ಹೊತ್ತಿಗೇ ತಡವರಿಸಿ, ನೆನೆದ ಗೋಣಿಚೀಲದಂತೆ ಧಪ್ ಧಪ್ ಎಂದು ಬೀಳುತ್ತದೆ. ಫ್ಯಾನುಗಳು ಊರೆಲ್ಲ ಕೇಳುವ ಹಾಗೆ ಅರಚುತ್ತವೆ. ನನಗೆ ತಿಳಿದದ್ದೆಲ್ಲ ಮಾಡಿದೆ. ಗ್ರಾಫಿಕ್ಸಿನ ಡ್ರೈವರ್ ಸಾಫ್ಟ್‌ವೇರ್ ಹೊಸದಾಗಿ ಹಾಕಿದೆ. ಕೆಲವು ಸಲ ಯಂತ್ರ ಕರೆಂಟು ಉಳಿಸಲು ದೊಡ್ಡ ಕಾರ್ಡನ್ನು ಮಲಗಿಸಿ ಸಣ್ಣದರಲ್ಲೇ ಕೆಲಸ ಮಾಡುತ್ತದೆ. ಹಾಗೆ ಮಾಡಬಾರದೆಂದು ಸೆಟ್ಟಿಂಗ್ ಬದಲಿಸಿದೆ. ಚಾರ್ಜರ್ ಸಿಕ್ಕಿಸಿಯೇ ಇಟ್ಟಿದ್ದೇನೆ, ಪೂರ್ತಿ ಶಕ್ತಿಯ ಮೋಡ್‌ಗೂ ಹಾಕಿದ್ದೇನೆ. ರ‍್ಯಾಮ್ ಎರಡೂ ಪಟ್ಟಿ ಸರಿಯಾಗಿ ತೋರಿಸುತ್ತಿದೆ. ಏನು ಮಾಡಿದರೂ ಅಷ್ಟೇ.

ನಿನ್ನೆ ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಇದೇನಾ ಹೊಸದು?" ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಕೂಡಿಟ್ಟದ್ದೆಲ್ಲ ಇದಕ್ಕೇ ಹಾಕಿದೆ. ಅಂಗಡಿಯವರು ಬದಲಿಸಿಕೊಡುತ್ತಾರೆಯೇ? ಇಲ್ಲವಾದರೆ ಪ್ರೆಸ್ಸಿನ ಯಜಮಾನರಿಗೆ ಏಪ್ರಿಲ್ ಒಂದರಿಂದ ಆ ಕುರ್ಚಿಗೆ ಬರುತ್ತೇನೆಂದು ಹೇಳಿಬಿಡುತ್ತೇನೆ.

ದಾರದುಂಡೆ


ಫೆಬ್ರವರಿ 27

ಲ್ಯಾಪ್‌ಟಾಪ್ ಅಂಗಡಿಯ ಗಡ್ಡದ ಯಜಮಾನರಿಗೆ ದರ್ಜಿಯ ನಮಸ್ಕಾರ. ಇದೇ ಕೊನೆಯ ನಮಸ್ಕಾರವೂ ಆಗಬಹುದು.

ತಾವು ನನಗೆ ಕೊಟ್ಟ ಕರಿಯ ಯಂತ್ರ ಕುದುರೆ ಓಡಿಸುವುದಿರಲಿ, ಕತ್ತೆಯನ್ನೂ ಎಬ್ಬಿಸಲಾರದು ಎಂದು ನನ್ನ ಸೊಸೆ ಬರೆದಿದ್ದಾಳೆ. ಅಂಗಡಿಯಲ್ಲಿ ಅದೇ ಯಂತ್ರದಲ್ಲಿ ನಾನು ಗುಡ್ಡ ಗೆದ್ದದ್ದಕ್ಕೆ ತಮ್ಮ ಗಿರಾಕಿಗಳೇ ಸಾಕ್ಷಿ. ಹಾಗಾದರೆ ಅಂಗಡಿಯಿಂದ ನನ್ನ ಕೈಗೆ ಬರುವ ನಡುವೆ ಒಳಗಿನ ಸಾಮಾನು ಬದಲಾಯಿತೆಂದೇ ಅರ್ಥ. ತೋರಿಸಿದ್ದು ರೇಷ್ಮೆ, ಕಟ್ಟಿಕೊಟ್ಟದ್ದು ಗೋಣಿ!

ತಮ್ಮ ಮದುವೆಯ ಕೋಟು ನನ್ನ ಮೇಜಿನ ಮೇಲಿದೆ. ಬಲತೋಳು ಕೂಡಿಸಿ ಆಗಿದೆ. ಎಡತೋಳು ಒತ್ತೆಯಿದೆ. ತಾವಾಗಿ ಬಂದು ಸಮಾಧಾನ ಹೇಳದಿದ್ದರೆ ಒಂದೇ ತೋಳಿನಲ್ಲಿ ಮದುವೆಯಾಗಬೇಕಾದೀತು. ಹೆಣ್ಣಿನ ಕಡೆಯವರು ಏನೆಂದುಕೊಳ್ಳುತ್ತಾರೋ ಅದು ತಮಗೆ ಬಿಟ್ಟದ್ದು.

ಇಂತು ಕೋಪದಲ್ಲಿಯೂ ಮರ್ಯಾದೆ ಬಿಡದ,
ದರ್ಜಿ


ಮಾರ್ಚ್ 3

ಮಾವನಿಗೆ,

ತಕ್ಷಣ ಓದಿ. ಅಂಗಡಿಯವರ ಜೊತೆ ಜಗಳವಾಡಬೇಡಿ. ಯಂತ್ರ ಸರಿಯಾಗಿದೆ! ಸರಿಯಾಗಿದೆ ಅಂದರೆ, ಓಡುತ್ತಿಲ್ಲ ಮಾವ, ಹಾರುತ್ತಿದೆ. ಬೆಳಿಗ್ಗೆಯಿಂದ ಕುದುರೆ ಗುಡ್ಡ ಇಳಿದು, ಹೊಳೆ ದಾಟಿ, ಮಳೆಯಲ್ಲಿ ತೊಯ್ದು ಓಡುತ್ತಲೇ ಇದೆ. ಅಂಗಿಯ ಒಂದು ನೆರಿಗೆಯೂ ತಡವರಿಸಿಲ್ಲ.

ಏನೂ ಆಗಿರಲಿಲ್ಲ, ಒಂದು ಸಣ್ಣ ಸೆಟ್ಟಿಂಗ್ ಬದಲಿಸಬೇಕಿತ್ತು. ಕಣ್ಣೆದುರಿಗೇ ಇತ್ತು, ನನಗೇ ಕಾಣಲಿಲ್ಲ. ಅದನ್ನು ವಿವರಿಸಿ ಬರೆಯುವುದು ಕಷ್ಟ.

ನಿಮ್ಮ ಕೋಟನ್ನು ಬೀರುವಿನಲ್ಲಿ ಜೋಪಾನವಾಗಿಟ್ಟಿದ್ದೇನೆ. ಅಷ್ಟು ಒಳ್ಳೆಯ ಮಖಮಲ್ಲು ದಿನವೂ ಕೈತಾಗಿ ಮಾಸಬಾರದು ಅನ್ನಿಸಿತು.

ಈಗ ನಿಜವಾದ ಕಷ್ಟ ಶುರುವಾಗಿದೆ. ಯಂತ್ರ ಓಡಿದ ಮೇಲೆ ತಪ್ಪು ನನ್ನ ಹೊಲಿಗೆಯದೆಂದು ಕಾಣುತ್ತಿದೆ. ಅಂಗಿ ಹಾರುತ್ತದೆ, ಆದರೆ ಕಾಗದದ ಹಾಗೆ. ಕುದುರೆ ನಿಂತ ಮೇಲೂ ಭುಜದ ಮೇಲೆ ಬೋರಲು ಬುಟ್ಟಿಯಂತೆ ನಿಂತಿರುತ್ತದೆ. ಸವಾರಿಯಲ್ಲಿ ಹಿಂದಕ್ಕೆ ಜಾರಿ ಅವಳ ಕತ್ತು ಹಿಸುಕುತ್ತದೆ. ನಿಜವಾದ ಬಟ್ಟೆಯಾಗಿದ್ದರೆ ನೀವೇನು ಮಾಡುತ್ತಿದ್ದಿರಿ? ಹೇಳಿ. ನಾನು ಅಲ್ಲಿ ಮಾಡುವುದನ್ನೇ ಇಲ್ಲಿ ಮಾಡುತ್ತೇನೆ.

ದಾರದುಂಡೆ


ಮಾರ್ಚ್ 8

ದಾರದುಂಡೆಗೆ,

ಗಡ್ಡದವನು ಬಂದಿದ್ದ. ಕೈಯಲ್ಲಿ ನನ್ನ ಕಾಗದ, ಹಣೆಯಲ್ಲಿ ಬೆವರು. ನಿನ್ನ ಕಾಗದ ಇನ್ನೂ ತಲುಪಿರಲಿಲ್ಲ. ನಾನು ಕತ್ತರಿ ಹಿಡಿದೇ ಮಾತಾಡಿಸಿದೆ.

"ಸಾರ್, ಅದಕ್ಕೇನಾದ್ರೂ ಕವರ್ ಹಾಕಿದ್ರಾ?" ಎಂದ.

"ಕವರಲ್ಲ, ಕೋಟು" ಅಂದೆ. ಹೇಗೆ ಹೊಲಿದೆನೆಂದು ಹೆಮ್ಮೆಯಿಂದ ವಿವರಿಸಿದೆ. ಅಡಿಯ ತೂತು ಮುಚ್ಚಿದ ಜಾಣತನಕ್ಕೆ ಬಂದಾಗ ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಆಮೇಲೆ ತುಂಬ ಮೆಲ್ಲಗೆ, ಮೂಗು ಮುಚ್ಚಿ ಕಂಬಳಿ ಹೊದಿಸಿ ಓಡಿಸಿದರೆ ಮನುಷ್ಯನಿಗೇನಾಗುತ್ತದೆ ಎಂದು ಕೇಳಿದ. ಒಳಗಿಂದ ನಿನ್ನತ್ತೆ ನಕ್ಕದ್ದು ಬೀದಿಗೆ ಕೇಳಿಸಿತು.

ಮರುದಿನ ನಿನ್ನ ಕಾಗದ ಬಂತು. "ಸಣ್ಣ ಸೆಟ್ಟಿಂಗ್" ಎಂದು ಓದಿದೆ. "ಬೀರುವಿನಲ್ಲಿ ಜೋಪಾನ" ಎಂದೂ ಓದಿದೆ. ಒಳ್ಳೆಯ ಸೊಸೆ ನೀನು. ಅದರ ಬಗ್ಗೆ ಇಷ್ಟೇ.

ನಾನು ಮೊದಲೇ ಹೇಳಬೇಕಿತ್ತು, ಕಳಿಸಿದ್ದು ಚಳಿಗಾಲದ ಮಾದರಿ. ಈಗ ಕಾಲ ಬದಲಾಗಿದೆ. ಇದರ ಜೊತೆ ಬೇಸಿಗೆ ಮಾದರಿ ಬರುತ್ತಿದೆ. ಅಡಿ, ಹಿಂಬದಿ ಪೂರ್ತಿ ಖಾಲಿ. ನಾಲ್ಕು ಮೂಲೆಗೆ ದಪ್ಪ ಕಾಲುಗಳನ್ನಿಟ್ಟು ಯಂತ್ರವನ್ನು ಮೇಜಿನಿಂದ ಎರಡು ಬೆರಳು ಎತ್ತರಿಸಿದ್ದೇನೆ, ಕೆಳಗೆ ಗಾಳಿ ಸಲೀಸಾಗಿ ಓಡಾಡುತ್ತದೆ. ಗುಂಡಿ ಬಿಚ್ಚಿ ತೆಗೆಯಬಹುದು. ಗಡ್ಡದವನು ನೋಡಿ ತನ್ನ ಅಂಗಡಿಗೂ ಇಂಥದ್ದು ಬೇಕೆಂದ. ಹೀಗೆ ಕಾಲಕ್ಕೆ ತಕ್ಕ ಹಾಗೆ ಹೊಲಿಯುವವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ. "ಬಿದ್ದರೂ ಮೀಸೆ ಮಣ್ಣಾಗಲಿಲ್ಲ" ಎಂದಳು ನಿನ್ನತ್ತೆ. ನನಗೆ ಮೀಸೆಯೇ ಇಲ್ಲ. ಅವನ ಎಡತೋಳು ಕೂಡಿಸಿದೆ. ಒಳಜೇಬು ಒಂದರ ಬದಲು ಎರಡು ಇಟ್ಟೆ.

ಈಗ ನಿನ್ನ ಅಂಗಿ. ಮೊದಲ ತಪ್ಪು, ಬಟ್ಟೆಯನ್ನು ನೇರಕ್ಕೆ ಇಟ್ಟು ಕತ್ತರಿಸಿದ್ದೀಯ. ಓರೆಯಾಗಿ ಇಡು, ನಾವು ಕ್ರಾಸ್ ಕಟಿಂಗ್ ಅನ್ನುತ್ತೇವೆ. ನೇರಕ್ಕೆ ಕತ್ತರಿಸಿದ ಬಟ್ಟೆ ಹಟಮಾರಿ, ಓರೆಗೆ ಕತ್ತರಿಸಿದ್ದು ಮೈಯ ಮಾತು ಕೇಳುತ್ತದೆ. ಎರಡನೆಯದು, ಕೆಳಗಿನ ಅಂಚಿಗೆ ಭಾರವಿಲ್ಲ. ಮಡಿಕೆಯೊಳಗೆ ಸಣ್ಣ ಸರಪಳಿ ಹೊಲಿದಂತೆ ಭಾರ ಕೊಡು, ಕುದುರೆ ನಿಂತ ಕೂಡಲೇ ಅಂಗಿಯೂ ನಿಟ್ಟುಸಿರು ಬಿಟ್ಟು ಇಳಿಯುತ್ತದೆ. ಮೂರನೆಯದು, ಕೊರಳಿಗೆ ಕಟ್ಟಬೇಡ. ಎರಡು ಭುಜಕ್ಕೂ ಒಳಗಿನಿಂದ ಪಟ್ಟಿ ಕೊಟ್ಟು ಎದೆಯ ಮೇಲೆ ದಾಟಿಸಿ ಬೆನ್ನಿಗೆ ಗುಂಡಿ ಹಾಕು. ಭಾರ ಭುಜ ಹೊರಲಿ, ಕತ್ತಲ್ಲ. ಹಿಂದೆ ನಡುವಿನಿಂದ ಸೀಳು ಬಿಡು, ಇಲ್ಲದಿದ್ದರೆ ಅವಳು ಕುದುರೆಯ ಮೇಲೆ ಕೂರುವುದಾದರೂ ಹೇಗೆ?

ನನ್ನ ಮಾತು ನಂಬಬೇಡ. ಹಳೇ ಬೆಡ್‌ಶೀಟು ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿ, ಹೊದ್ದು, ಮಹಡಿಯ ಮೇಲೆ ಗಾಳಿಯಲ್ಲಿ ಓಡು. ಬಟ್ಟೆಯೇ ಹೇಳಿಕೊಡುತ್ತದೆ. ಆಮೇಲೆ ಕಂಪ್ಯೂಟರಿಗೆ ನೀನು ಹೇಳಿಕೊಡು.

ಎಲ್ಲ ಕಾಲಕ್ಕೂ ಒದಗುವ,
ಮಾವ


ಏಪ್ರಿಲ್ 16

ಮಾವಾ!

ಗೆದ್ದೆ. ಗೆದ್ದೆವು. ಕೆಲಸ ಸಿಕ್ಕಿತು!

ಅವರು ವಿಡಿಯೋ ಕರೆ ಮಾಡಿದ್ದರು. ಮುಖ್ಯ ಡಿಸೈನರ್ ಎಂಬ ಹೆಂಗಸು ನನ್ನ ಅಂಚೆಯವಳನ್ನು ಓಡಿಸಿದರು, ನಿಲ್ಲಿಸಿದರು, ಮತ್ತೆ ಓಡಿಸಿದರು. ಕುದುರೆ ನಿಂತಿತು, ಅಂಗಿ ಮೆಲ್ಲಗೆ ಇಳಿಯಿತು. ಆಕೆ ಮೂರನೇ ಸಲವೂ ಅದನ್ನೇ ಮಾಡಿದಾಗ ತಪ್ಪೆಲ್ಲಿದೆಯೆಂದು ನಾನೂ ಹುಡುಕತೊಡಗಿದೆ. ಆಮೇಲೆ, "ಕ್ಷಮಿಸಿ, ಇದು ಇಳಿಯೋದನ್ನ ನೋಡ್ತಾ ಇದ್ರೆ ನೋಡ್ತಾನೇ ಇರೋಣ ಅನ್ಸುತ್ತೆ" ಎಂದರು. ಉಳಿದವರೆಲ್ಲ ಅಂಗಿ ಹಾರಿಸಿದ್ದರಂತೆ, ಇಳಿಸಿದವಳು ನಾನೊಬ್ಬಳೇ ಅಂತೆ.

ಬೆಡ್‌ಶೀಟಿನ ಕಥೆ ಕೇಳಿ. ಮಹಡಿಯಲ್ಲಿ ಹೊದ್ದು ಓಡುತ್ತಿದ್ದೆ, ಅಮ್ಮ ಬಟ್ಟೆ ಒಣಹಾಕಲು ಬಂದಳು. ಬೈಯುತ್ತಾಳೆಂದುಕೊಂಡೆ. ಬಟ್ಟೆಯ ಬಕೆಟ್ಟು ಕೆಳಗಿಟ್ಟಳು. "ನೀನೇ ಹೊದ್ಕೊಂಡ್ರೆ ಹಿಂದ್ಗಡೆ ಹೇಗೆ ಕಾಣ್ಸುತ್ತೆ ನಿಂಗೆ? ಕೊಡಿಲ್ಲಿ" ಎಂದು ತಾನೇ ಹೊದ್ದಳು. ಮಾವ, ಅಮ್ಮ ಓಡಿದಳು! ತಂತಿಯ ಬಟ್ಟೆಗಳ ನಡುವೆ ಈ ತುದಿಯಿಂದ ಆ ತುದಿಗೆ, ಎರಡು ಕೈಯಲ್ಲಿ ಲಗಾಮು ಹಿಡಿದವಳ ಹಾಗೆ. ನಾನು ಫೋನಿನಲ್ಲಿ ಚಿತ್ರ ತೆಗೆದೆ. ಅಂಚೆಯವಳ ಅಂಗಿ ಹಾರುವುದು ಅಮ್ಮನ ಬೆಡ್‌ಶೀಟು ಹಾರಿದ ಹಾಗೇ.

ಕರೆ ಮುಗಿದ ಮೇಲೆ ಅಮ್ಮನಿಗೆ ಹೇಳಿದೆ. ಒರೆಸುತ್ತಿದ್ದ ಬಟ್ಟೆಯನ್ನು ಮಡಿಚಿಟ್ಟು, "ನಿನ್ನ ಮಾವನಿಗೆ ಬರಿ" ಅಂದಳು. "ಅಂಗಿ ಅವನು ಹೇಳ್ಕೊಟ್ಟಿರ್ಬೋದು. ಆದ್ರೆ ಆವತ್ತು ಮೇಜು ಒರೆಸೋಕೆ ಎತ್ತಿದಾಗ, ಇದಕ್ಯಾಕೆ ಇಷ್ಟು ಜ್ವರ, ಇದಕ್ಯಾಕೆ ಸ್ವೆಟರು ಅಂತ ಕೇಳಿದ್ದು ನಾನು. ಅದನ್ನೂ ಬರಿ."

ಬರೆದಿದ್ದೇನೆ. ಇಷ್ಟು ದಿನ ಬಚ್ಚಿಟ್ಟದ್ದಕ್ಕೆ ಕ್ಷಮಿಸಿ. ಈಗ ಅಮ್ಮ ಸಂಜೆ ಆ ಮೇಜು ಒರೆಸುವುದಿಲ್ಲ. ಕೂತು ಕುದುರೆ ಓಡಿಸುತ್ತಾಳೆ.

ಆಟ ಹೊರಬಂದ ಮೇಲೆ ನೀವು ಆಡಬೇಕು. ಎಲ್ಲಾದರೂ ಒಂದು ಕಡೆ ಕುದುರೆ ನಿಲ್ಲಿಸಿ ಸುಮ್ಮನಿರಿ. ಏನೂ ಒತ್ತಬೇಡಿ. ನಿಮಗದು ಕಷ್ಟ, ಗೊತ್ತು.

ದಾರದುಂಡೆ


ನವೆಂಬರ್ 5

ದೊಡ್ಡ ಕಂಪನಿಯ ದರ್ಜಿಗೆ ಸಣ್ಣ ಅಂಗಡಿಯ ದರ್ಜಿ ಬರೆಯುವುದು.

ಆಟ ಬಂತು. ಗಡ್ಡದವನು ಅಂಗಡಿಯ ದೊಡ್ಡ ಸ್ಕ್ರೀನಿಗೆ ಹಾಕಿ ನನಗೆ ಹೇಳಿಕಳಿಸಿದ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಿನ್ನತ್ತೆಯನ್ನೂ ಕರೆದುಕೊಂಡು ಹೋದೆ. ಗಡ್ಡದವನ ಹೆಂಡತಿ ಬಂದಿದ್ದಳು, ಬೀದಿಯ ಅಂಗಡಿಯವರೆಲ್ಲ ಸೇರಿದ್ದರು. ಮಧ್ಯದ ಕುರ್ಚಿ ನನಗೆ.

ಓಡಿಸಿದೆ, ಮಗಳೇ. ಹುಲ್ಲುಗಾವಲು, ಮುರಿದ ಸೇತುವೆ, ಹಿಮ. ಅಂಗಿ ಹಿಂದೆ ಹಾರುತ್ತಲೇ ಇತ್ತು. ನಾನು ಕುದುರೆ ನೋಡಲಿಲ್ಲ, ಬರೀ ಅಂಗಿ ನೋಡಿದೆ, ಆದ್ದರಿಂದ ಮೂರು ಸಲ ಮರಕ್ಕೆ ಗುದ್ದಿದೆ. ಆಮೇಲೆ ನೀನು ಹೇಳಿದ್ದು ನೆನಪಾಯಿತು. ಒಂದು ಬಂಡೆಯ ಹತ್ತಿರ ನಿಲ್ಲಿಸಿ ಕೈ ಹಿಂದಕ್ಕೆ ಕಟ್ಟಿಕೊಂಡು ಕೂತೆ.

ಅಂಗಿ ಇಳಿಯಿತು. ಅಂಚೆಯವಳು ಅತ್ತಿತ್ತ ನೋಡಿದಳು. ಮೆಲ್ಲಗೆ ಎಡಗೈಯಿಂದ ಅಂಗಿಯ ಸೆರಗು ಸರಿಸಿದಳು. ಒಳಗೆ ಎಡಗಡೆ, ನಾನು ಎಲ್ಲಿಡುತ್ತೇನೋ ಅಲ್ಲಿಯೇ, ಒಳಜೇಬು. ನನ್ನ ಹೊಲಿಗೆಯೇ, ಮೂಲೆಗೆ ಎರಡು ಸಲ ತಿರುಗಿಸುವ ನನ್ನ ಹೊಲಿಗೆ! ಕೈ ಹಾಕಿ ಅದರಿಂದ ಒಂದು ಚಪ್ಪಟೆ ನೀಲಿ ಸೀಮೆಸುಣ್ಣ ತೆಗೆದಳು. ಬಂಡೆಯ ಮೇಲೆ ಒಂದು ಗೆರೆ ಎಳೆದಳು. ಸೀಮೆಸುಣ್ಣವನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಳು.

ನಿನ್ನತ್ತೆ ನನ್ನ ಕಿವಿಯ ಕಡೆ ನೋಡಿದಳು. ಅಲ್ಲಿಯೂ ಒಂದು ಇತ್ತು.

"ಏನ್ ಸಾರ್ ಇದು, ಎಂಥ ಹೊಲಿಗೆ! ಯಾರು ಮಾಡಿದ್ದು?" ಎಂದರು ಪಕ್ಕದ ಅಂಗಡಿಯವರು. ನನ್ನ ಸ್ವಭಾವ ನಿನಗೆ ಗೊತ್ತು. ಮಳೆ ಬಂದರೂ ನಾನೇ ತರಿಸಿದ್ದು ಎನ್ನುವವನು. ಬಾಯಿ ತೆರೆದೆ, 'ನಾನೇ' ಎನ್ನಲು ಸಿದ್ಧನಾಗಿಯೇ ತೆರೆದೆ. ಬಂದದ್ದು "ನನ್ನ ಸೊಸೆ." ಅಷ್ಟೇ. ನಿನ್ನತ್ತೆ ಹೆದರಿ ನನ್ನ ಹಣೆ ಮುಟ್ಟಿ ನೋಡಿದಳು.

ಇದನ್ನು ಯಾರಿಗೂ ಹೇಳಬೇಡ, ವ್ಯಾಪಾರ ಕೆಡುತ್ತದೆ.

ಈಗ ಕೆಲಸದ ಮಾತು. ಇಬ್ಬರು ಹುಡುಗಿಯರು ಬಂದು ಅಂಚೆಯವಳ ಮೇಲಂಗಿ ಬೇಕೆಂದು ಕೂತಿದ್ದಾರೆ. ಮೂರನೆಯವಳು ನಿನ್ನಮ್ಮ, ಫೋನು ಮಾಡಿದ್ದಳು. ನಾನು ಕಣ್ಣಳತೆಯಲ್ಲಿ ಹೊಲಿಯಬಲ್ಲೆ, ಆದರೆ ಹೊಲಿಯುವುದಿಲ್ಲ. ಆ ಅಂಗಿ ನಿನ್ನದು. ಅಳತೆ ಕಳಿಸು.

ಕತ್ತರಿ ತೆಗೆದಿಟ್ಟು ಕಾಯುತ್ತಿರುವ,
ಮಾವ